ಸ್ಟೈಲ್ ಬಳಸಿ ಅಂದರೆ ಯಾರೂ ಬಳಸುವುದಿಲ್ಲ. ಇದನ್ನು ಸುಲಭ ಮಾಡುವುದು ಹೇಗೆ?

ಕರಡುತಿದ್ದುವವಳು:

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆಯವರು ಬರೆದು ಕಳಿಸುವ ವರದಿಗಳನ್ನು ಒಂದೇ ಫೈಲ್‌ಗೆ ಸೇರಿಸಿ, ಒಂದೇ ರೂಪಕ್ಕೆ ತಂದು, ಪರಿವಿಡಿ ಹಾಕಿ ಪಿಡಿಎಫ್ ಮಾಡಿಕೊಡುವುದು ನನ್ನ ಕೆಲಸ. ಬರೆಯುವವರೆಲ್ಲ ಅವರವರ ವಿಷಯದಲ್ಲಿ ಪಳಗಿದವರು. ಆದರೆ ಸ್ಟೈಲ್ (ಶೀರ್ಷಿಕೆ, ಪ್ಯಾರಾಗಳ ರೂಪವನ್ನು ಒಂದು ಹೆಸರಿನಡಿ ಮೊದಲೇ ಸಿದ್ಧ ಮಾಡಿಟ್ಟು, ಒಂದೇ ಸಲಕ್ಕೆ ಹಾಕುವ ಸೌಲಭ್ಯ) ವಿಷಯಕ್ಕೆ ಬಂದರೆ ಒಬ್ಬರೂ ಬಗ್ಗುವುದಿಲ್ಲ.

ನನಗೆ ಬರುವ ಫೈಲ್ ಹೇಗಿರುತ್ತದೆ ಅಂದರೆ, ಶೀರ್ಷಿಕೆ ಬೋಲ್ಡ್, 16 ಪಾಯಿಂಟ್, ಕೆಳಗೊಂದು ಗೆರೆ. ಅದನ್ನು ಮಧ್ಯಕ್ಕೆ ತರಲು ಸ್ಪೇಸ್ ಬಾರ್ ಒತ್ತಿ ಒತ್ತಿ ತಳ್ಳಿರುತ್ತಾರೆ. ಮುಂದಿನ ಶೀರ್ಷಿಕೆ 15 ಪಾಯಿಂಟ್, ಅದಕ್ಕೆ ಗೆರೆ ಇಲ್ಲ. ಹೊಸ ಅಧ್ಯಾಯ ಹೊಸ ಪುಟದಲ್ಲಿ ಬರಲಿ ಅಂತ ಎಂಟರ್ ಒತ್ತುತ್ತಲೇ ಹೋಗಿರುತ್ತಾರೆ. ನಾನು ಮೇಲೆಲ್ಲೋ ಎರಡು ಸಾಲು ಸೇರಿಸಿದರೆ ಮುಗಿಯಿತು, ಅಧ್ಯಾಯದ ಹೆಸರು ಪುಟದ ನಡುವಿಗೆ ಜಾರುತ್ತದೆ. ಪರಿವಿಡಿಯನ್ನಂತೂ ಚುಕ್ಕಿ ಇಟ್ಟು ಕೈಯಲ್ಲೇ ಟೈಪ್ ಮಾಡಿರುತ್ತಾರೆ. ಪುಟದ ನಂಬರ್ ತಪ್ಪಿದೆ ಅಂತ ಆಮೇಲೆ ಫೋನ್ ಬರುವುದು ನನಗೆ!

ಹೇಳಿಕೊಟ್ಟೂ ನೋಡಿದೆ. ಕೂತು ಕೇಳುತ್ತಾರೆ, ತಲೆ ಆಡಿಸುತ್ತಾರೆ, ತಮ್ಮ ಸೀಟಿಗೆ ಹೋಗಿ ಮತ್ತೆ ಬಿ ಬಟನ್ ಒತ್ತುತ್ತಾರೆ. ಟೆಂಪ್ಲೇಟ್ (ಸ್ಟೈಲ್‌ಗಳನ್ನೆಲ್ಲ ಹಾಕಿಟ್ಟ ಮಾದರಿ ಫೈಲ್) ಮಾಡಿಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು ಹೋದ ಸಲದ ವರದಿಯನ್ನೇ ತೆರೆದು, ಅದರ ಮೇಲೆಯೇ ಹೊಸದನ್ನು ಟೈಪ್ ಮಾಡಿ ಕಳಿಸುತ್ತಾರೆ.

ಸ್ಟೈಲ್ ಹಾಕುವುದು ಹೇಗೆ ಅಂತ ನಾನು ಕೇಳುತ್ತಿಲ್ಲ, ಅದು ಗೊತ್ತು. ನನ್ನ ಪ್ರಶ್ನೆ ಬೇರೆ. ಇಷ್ಟು ಉಪಯೋಗದ ವಸ್ತುವನ್ನು ಇಷ್ಟು ಜನ ದೂರ ಇಡುತ್ತಾರೆ ಅಂದರೆ ಅದರಲ್ಲೇ ಏನೋ ಎಡವಟ್ಟು ಇರಬೇಕಲ್ಲವಾ? ಟೆಂಪ್ಲೇಟ್‌ನಲ್ಲೋ ಹೇಳಿಕೊಡುವ ರೀತಿಯಲ್ಲೋ ಏನು ಬದಲಿಸಿದರೆ ಜನ ತಾವಾಗಿಯೇ ಬಳಸುತ್ತಾರೆ? ನನ್ನವರಲ್ಲಿ ಹೆಚ್ಚಿನವರದ್ದು ವರ್ಡ್. ಕೆಲವರದ್ದು ಲಿಬ್ರೆಆಫೀಸ್ ರೈಟರ್. ಗೂಗಲ್ ಡಾಕ್ಸ್‌ನಲ್ಲಿ ಬರೆದು ಲಿಂಕ್ ಕಳಿಸುವವರೂ ಇದ್ದಾರೆ.

---

ಎರಡುಪುಟ:

ಮೇಡಂ, ನೀವು ಬೈಯುತ್ತಿರುವ ಗುಂಪಿನವನೇ ನಾನು. ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ.

ಬಿ ಒತ್ತಿದರೆ ಅಕ್ಷರ ದಪ್ಪ ಆಗುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಅಷ್ಟೇ. ಶೀರ್ಷಿಕೆಗೆ ಅಂತ ಇಟ್ಟಿರುವ ಹೆಡಿಂಗ್ 1 ಸ್ಟೈಲ್ ಒತ್ತಿದರೆ? ಅಕ್ಷರ ನೀಲಿಯಾಗುತ್ತದೆ, ಫಾಂಟ್ ಬದಲಾಗುತ್ತದೆ, ಮೇಲೆ ಜಾಗ ಬಿಡುತ್ತದೆ. ನಾನು ನೀಲಿ ಕೇಳಿದ್ದೆನಾ? ನನಗೆ ಬೇಕಿದ್ದದ್ದು ದಪ್ಪ ಅಕ್ಷರ. ಹಾಗಾಗಿ ಅಂಡೂ ಮಾಡಿ ಮತ್ತೆ ಬಿ ಒತ್ತುತ್ತೇನೆ.

ನಾನು ಬರೆಯುವುದು ಎರಡು ಪುಟ. ಅದಕ್ಕೆ ಪರಿವಿಡಿ ಬೇಡ, ಅಧ್ಯಾಯ ಇಲ್ಲ. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳಲಿ?

---

ಅಚ್ಚುಮೊಳೆ:

ಎರಡುಪುಟ ಅವರ ಮಾತು ಪೂರ್ತಿ ಸರಿ. ಎರಡು ಪುಟದ ಪತ್ರಕ್ಕೆ ಸ್ಟೈಲ್ ಬೇಡ. ಇನ್ನು ಆ ನೀಲಿ ಬಣ್ಣ! ಸ್ಟೈಲ್‌ಗೆ ಅದರಷ್ಟು ಕೆಟ್ಟ ಹೆಸರು ತಂದದ್ದು ಬೇರೊಂದಿಲ್ಲ. ಯಾರೂ ಬಯಸದ ರೂಪವನ್ನು ಹೆಡಿಂಗ್‌ಗೆ ಕೊಟ್ಟು, "ಬೇಡವಾದರೆ ಬದಲಿಸಿಕೊಳ್ಳಿ" ಅಂತ ಕೈತೊಳೆದುಕೊಂಡರೆ ಜನ ಬದಲಿಸುವುದಿಲ್ಲ. ಬಿಟ್ಟುಬಿಡುತ್ತಾರೆ.

ನಾನು ವರದಿ, ಕೈಪಿಡಿಗಳಿಗೆ ಟೆಂಪ್ಲೇಟ್ ಮಾಡಿಕೊಡುವವನು. ನನ್ನ ಅನುಭವ ಇಷ್ಟು: ಜನ ಕಣ್ಣಿನಿಂದ ಕೆಲಸ ಮಾಡುತ್ತಾರೆ. ಮೊದಲು ನೋಡಲು ಸರಿ ಇರಬೇಕು, ಉಳಿದದ್ದು ಆಮೇಲೆ. ಹೇಳಿಕೊಡುವ ನಾವು ಇದನ್ನು ಉಲ್ಟಾ ಮಾಡುತ್ತೇವೆ. ಸ್ಟೈಲ್ ತಿದ್ದುವ ಕಿಟಕಿ, ಅಂದರೆ ಮಾಡಿಫೈ ಡೈಲಾಗ್ ತೆರೆಯಿರಿ, ಅಲ್ಲಿ ಫಾಂಟ್ ಆರಿಸಿ, ಕೆಳಗೆ ಫಾರ್ಮ್ಯಾಟ್ ಒತ್ತಿ ಪ್ಯಾರಾಗ್ರಾಫ್‌ಗೆ ಹೋಗಿ, ಓಕೆ, ಮತ್ತೆ ಓಕೆ. ಇಷ್ಟಾದರೂ ಪುಟದ ಮೇಲೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಸಾಮಾನ್ಯ ಮನುಷ್ಯ ಎರಡನೇ ಓಕೆ ಹೊತ್ತಿಗೆ ಸೋತಿರುತ್ತಾನೆ.

ಅದಕ್ಕೇ ನಾನು ಮಾಡಿಫೈ ಡೈಲಾಗ್ ತೋರಿಸುವುದನ್ನೇ ಬಿಟ್ಟಿದ್ದೇನೆ. ಹೀಗೆ ಹೇಳಿಕೊಡಿ ನೋಡೋಣ. ಒಂದು ಶೀರ್ಷಿಕೆಯನ್ನು ನಿಮಗೆ ಇಷ್ಟವಾದ ಹಾಗೆ ಮಾಡಿ. ಬೋಲ್ಡ್ ಒತ್ತಿ, ಸೈಜ್ ಹೆಚ್ಚಿಸಿ, ಬೇಕಿದ್ದರೆ ಕೆಂಪು ಬಣ್ಣ ಬಳಿಯಿರಿ. ತೃಪ್ತಿ ಆಯಿತಾ? ಈಗ ಆ ಸಾಲನ್ನು ಆಯ್ದುಕೊಂಡು, ಮೇಲಿರುವ ಹೆಡಿಂಗ್ 1 ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ. ‘ಅಪ್‌ಡೇಟ್ ಹೆಡಿಂಗ್ 1 ಟು ಮ್ಯಾಚ್ ಸೆಲೆಕ್ಷನ್’ ಅಂತ ಮೊದಲೇ ಕಾಣುತ್ತದೆ. ಅದನ್ನು ಒತ್ತಿ. ಮುಗಿಯಿತು. ಇನ್ನು ಮುಂದೆ ಹೆಡಿಂಗ್ 1 ಅಂದರೆ ನೀವು ಮಾಡಿದ್ದೇ. ನೀಲಿ ಹೋಯಿತು.

ಅವರಿಗೆ ಗೊತ್ತಿರುವ ಕೆಲಸವನ್ನೇ ಮಾಡಲು ಬಿಟ್ಟು, ಕೊನೆಗೆ ಒಂದೇ ಒಂದು ಹೆಜ್ಜೆ ಸೇರಿಸಿದಂತಾಯಿತು. ಗೂಗಲ್ ಡಾಕ್ಸ್‌ನಲ್ಲೂ ಹೆಡಿಂಗ್ ಪಟ್ಟಿಯ ಒಳಗೆ ಇದೇ ಸೌಲಭ್ಯ ಇದೆ. ರೈಟರ್‌ನಲ್ಲಿ ಮಾತ್ರ ಮೊದಲು ಆ ಸಾಲಿಗೆ ಹೆಡಿಂಗ್ ಸ್ಟೈಲ್ ಹಾಕಿರಬೇಕು. ಆಮೇಲೆ ಕೈಯಲ್ಲಿ ಅಂದಗೊಳಿಸಿ ಕಂಟ್ರೋಲ್ + ಶಿಫ್ಟ್ + ಎಫ್11 ಒತ್ತಬೇಕು. ಮೂರೂ ತಂತ್ರಾಂಶಗಳಲ್ಲಿ ಇರುವ ಇಷ್ಟು ಒಳ್ಳೆಯ ಸೌಲಭ್ಯ ರೈಟ್ ಕ್ಲಿಕ್ ಮೆನುವಿನಲ್ಲೋ ಒಳಪಟ್ಟಿಯಲ್ಲೋ ಅಡಗಿ ಕೂತಿದೆ. ನನ್ನ ಕೈಯಲ್ಲಿ ಇದ್ದಿದ್ದರೆ ಬಿ ಬಟನ್ ಪಕ್ಕದಲ್ಲೇ ‘ಇಂಥವೆಲ್ಲ ಹೀಗೇ ಇರಲಿ’ ಅಂತ ಒಂದು ಬಟನ್ ಇಡುತ್ತಿದ್ದೆ.

ಇನ್ನೊಂದು, ವರ್ಡ್‌ನಲ್ಲಿ ಮೇಲೆ ಸ್ಟೈಲ್‌ಗಳ ಚೌಕಗಳು ಸಾಲಾಗಿರುವ ಆ ಗ್ಯಾಲರಿ. ಹೊಸ ಫೈಲ್ ತೆರೆದು ಅದನ್ನು ಪೂರ್ತಿ ಬಿಚ್ಚಿ ನೋಡಿ. ಸಟ್ಲ್ ಎಂಫಸಿಸ್, ಎಂಫಸಿಸ್, ಇಂಟೆನ್ಸ್ ಎಂಫಸಿಸ್, ಸ್ಟ್ರಾಂಗ್, ಕೋಟ್, ಇಂಟೆನ್ಸ್ ಕೋಟ್, ಸಟ್ಲ್ ರೆಫರೆನ್ಸ್, ಇಂಟೆನ್ಸ್ ರೆಫರೆನ್ಸ್, ಬುಕ್ ಟೈಟಲ್... ಎಂಫಸಿಸ್‌ಗೂ ಸ್ಟ್ರಾಂಗ್‌ಗೂ ಏನು ವ್ಯತ್ಯಾಸ ಅಂತ ನಿಮ್ಮ ವರದಿ ಬರೆಯುವವರು ಯಾಕೆ ಯೋಚಿಸಬೇಕು? ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ‘ರಿಮೂವ್ ಫ್ರಮ್ ಸ್ಟೈಲ್ ಗ್ಯಾಲರಿ’ ಕೊಡಿ. ಸ್ಟೈಲ್ ಅಳಿಸಿಹೋಗುವುದಿಲ್ಲ, ಕಣ್ಣೆದುರಿನಿಂದ ಹೋಗುತ್ತದೆ ಅಷ್ಟೇ. ಐದಾರು ಉಳಿಸಿ. ನಾನು ಉಳಿಸುವುದು ಅಧ್ಯಾಯ, ಉಪಶೀರ್ಷಿಕೆ, ಪಠ್ಯ, ಉಲ್ಲೇಖ, ಚಿತ್ರದ ಅಡಿಬರಹ. ಇದಕ್ಕಿಂತ ಜಾಸ್ತಿ ಕೊಟ್ಟರೆ ಆರಿಸುವುದೇ ಒಂದು ಕೆಲಸವಾಗುತ್ತದೆ.

ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಆದರೆ ಒಂದು ಎಚ್ಚರಿಕೆ. ಅಧ್ಯಾಯ ಅಂತ ಹೊಸ ಸ್ಟೈಲ್ ಸೃಷ್ಟಿಸಬೇಡಿ. ವರ್ಡ್‌ನ ಪರಿವಿಡಿ, ಎಡಗಡೆ ಶೀರ್ಷಿಕೆಗಳ ಪಟ್ಟಿ ತೋರಿಸುವ ನ್ಯಾವಿಗೇಶನ್ ಪೇನ್ ಎಲ್ಲವೂ ತಾನಾಗಿ ಗುರುತಿಸುವುದು ಅದರದೇ ಹೆಡಿಂಗ್ 1, ಹೆಡಿಂಗ್ 2ಗಳನ್ನು. ಹೆಡಿಂಗ್ 1ಕ್ಕೇ ಅಧ್ಯಾಯ ಅಂತ ಹೆಸರು ಕೊಡಿ. ವರ್ಡ್ ಹಳೆಯ ಹೆಸರನ್ನು ಬಿಡುವುದಿಲ್ಲ, ‘ಹೆಡಿಂಗ್ 1,ಅಧ್ಯಾಯ’ ಅಂತ ಅಲ್ಪವಿರಾಮ ಹಾಕಿ ಅಡ್ಡಹೆಸರಿನಂತೆ ಸೇರಿಸಿಕೊಳ್ಳುತ್ತದೆ. ಆಮೇಲೆ ಸ್ಟೈಲ್ಸ್ ಪೇನ್‌ನ ಆಪ್ಷನ್ಸ್‌ಗೆ ಹೋಗಿ, ಬೇರೆ ಹೆಸರು ಇದ್ದಾಗ ಮೂಲ ಹೆಸರನ್ನು ಮರೆಮಾಡು ಅನ್ನುವ ಅರ್ಥದ ಚೌಕಕ್ಕೆ ಟಿಕ್ ಹಾಕಿ. ಬರೆಯುವವರಿಗೆ ಬರೀ ‘ಅಧ್ಯಾಯ’ ಕಾಣುತ್ತದೆ, ಒಳಗಿನ ಯಂತ್ರಕ್ಕೆ ಹೆಡಿಂಗ್ 1 ಹಾಗೇ ಉಳಿಯುತ್ತದೆ.

ಹೊಸ ಪುಟಕ್ಕಾಗಿ ಎಂಟರ್ ಒತ್ತುವ ಕಾಟ ಇದೆಯಲ್ಲ, ಅದನ್ನು ಟೆಂಪ್ಲೇಟ್‌ನಲ್ಲೇ ಮುಗಿಸಬಹುದು. ಅಧ್ಯಾಯದ ಸ್ಟೈಲ್‌ನಲ್ಲಿ ‘ಪೇಜ್ ಬ್ರೇಕ್ ಬಿಫೋರ್’ ಹಾಕಿಡಿ. ಉಪಶೀರ್ಷಿಕೆಗೆ ‘ಕೀಪ್ ವಿತ್ ನೆಕ್ಸ್ಟ್’ ಹಾಕಿದರೆ ಅದು ಪುಟದ ಕೊನೆಯಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ಶೀರ್ಷಿಕೆ ಬರೆದು ಎಂಟರ್ ಒತ್ತಿದರೆ ಮುಂದಿನ ಪ್ಯಾರಾ ತಾನಾಗಿ ‘ಪಠ್ಯ’ ಆಗುವಂತೆಯೂ ಮಾಡಿ. ಇಷ್ಟು ಇದ್ದರೆ ಅವರು ಸ್ಟೈಲ್ ಆರಿಸಬೇಕಾದ ಜಾಗ ಶೀರ್ಷಿಕೆಗಳು ಮಾತ್ರ.

ಇಷ್ಟಾದ ಮೇಲೂ ಜನ ಸ್ಟೈಲ್ ಮೇಲೆ ನಂಬಿಕೆ ಕಳೆದುಕೊಳ್ಳುವ ಒಂದು ಗಳಿಗೆ ಬರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ.

ಒಂದು ಪ್ಯಾರಾದಲ್ಲಿ ಎರಡು ಪದ ಮಾತ್ರ ಬೋಲ್ಡ್ ಇದೆ ಅಂದುಕೊಳ್ಳಿ. ಆ ಪ್ಯಾರಾಗೆ ಬೇರೆ ಸ್ಟೈಲ್ ಹಾಕಿದರೆ ಬೋಲ್ಡ್ ಹಾಗೇ ಉಳಿಯುತ್ತದೆ. ಇನ್ನೊಂದು ಪ್ಯಾರಾ ಪೂರ್ತಿ ಬೋಲ್ಡ್ ಇದೆ. ಅದಕ್ಕೆ ಸ್ಟೈಲ್ ಹಾಕಿದರೆ ಬೋಲ್ಡ್ ಮಾಯ! ನೋಡುವವರಿಗೆ ಇದು ಶುದ್ಧ ಹುಚ್ಚಾಟ ಅನ್ನಿಸುತ್ತದೆ. ಆದರೆ ಒಳಗೆ ಒಂದು ನಿಯಮ ಇದೆ. ಕೈಯಿಂದ ಹಾಕಿದ ಫಾರ್ಮ್ಯಾಟ್ ಪ್ಯಾರಾದ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿದ್ದರೆ, ಇದು ಬರೆದವರು ಬೇಕಂತಲೇ ಒತ್ತಿ ಹೇಳಿದ ಪದ ಅಂತ ವರ್ಡ್ ಬಿಟ್ಟುಬಿಡುತ್ತದೆ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಅಳಿಸಿಹಾಕುತ್ತದೆ. ಯೋಚನೆ ಒಳ್ಳೆಯದೇ. ಆದರೆ ಪರದೆಯ ಮೇಲೆ ಎಲ್ಲೂ ಇದರ ಸುಳಿವಿಲ್ಲ. ಹೇಳದೆ ಮಾಡುವ ಉಪಕಾರವೂ ಉಪದ್ರವದಂತೆ ಕಾಣುತ್ತದೆ.

ಮೂಲ ತೊಡಕು ಇದೇ. ಒಂದು ಸಾಲು ಹೀಗೆ ಕಾಣುತ್ತಿರುವುದು ಸ್ಟೈಲ್‌ನಿಂದಲೋ, ಯಾರೋ ಕೈಯಿಂದ ಮಾಡಿದ್ದರಿಂದಲೋ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಸ್ಟೈಲ್ ಅಂಗಿ, ಕೈಯಿಂದ ಹಾಕಿದ್ದು ಅದರ ಮೇಲಿನ ಕೋಟು. ಅಂಗಿ ಎಷ್ಟು ಸಲ ಬದಲಿಸಿದರೂ ಹೊರಗೆ ಕಾಣುವುದು ಕೋಟು ಮಾತ್ರ. ನಿಮ್ಮವರಿಗೆ ಎರಡು ಕೀಲಿ ಕಲಿಸಿ: ಆಯ್ದುಕೊಂಡು ಕಂಟ್ರೋಲ್ + ಸ್ಪೇಸ್ ಒತ್ತಿದರೆ ಅಕ್ಷರಗಳಿಗೆ ಕೈಯಿಂದ ಹಾಕಿದ್ದೆಲ್ಲ ಹೋಗುತ್ತದೆ, ಕಂಟ್ರೋಲ್ + ಕ್ಯೂ ಒತ್ತಿದರೆ ಪ್ಯಾರಾದ ಜೋಡಣೆ, ಅಂತರಗಳಲ್ಲಿ ಕೈಯಿಂದ ಮಾಡಿದ್ದು ಹೋಗುತ್ತದೆ. ರೈಟರ್‌ನಲ್ಲಿ ಕಂಟ್ರೋಲ್ + ಎಂ ಸಾಕು.

ಹೇಳಿಕೊಡುವಾಗ ‘ಏಕರೂಪತೆ’ ಅನ್ನುವ ಪದವನ್ನು ಎತ್ತಲೇಬೇಡಿ. ಅದು ನಿಮ್ಮ ಸಮಸ್ಯೆ, ಅವರದ್ದಲ್ಲ. ಅವರಿಗೆ ನ್ಯಾವಿಗೇಶನ್ ಪೇನ್ ತೋರಿಸಿ. ನಾಲ್ಕನೇ ಅಧ್ಯಾಯದ ಹೆಸರನ್ನು ಹಿಡಿದು ಎರಡನೆಯದರ ಮೇಲಕ್ಕೆ ಎಳೆದು ಬಿಡಿ. ಒಳಗಿನ ಪಠ್ಯ, ಚಿತ್ರ, ಕೋಷ್ಟಕ ಎಲ್ಲ ಸಮೇತ ಅಧ್ಯಾಯ ಜಾಗ ಬದಲಿಸುತ್ತದೆ. ಕಟ್ ಪೇಸ್ಟ್ ಮಾಡಿ ಕೈಸೋತವರು ಅದನ್ನು ನೋಡಿದ ಮೇಲೆ ‘ಇದು ನನ್ನ ಫೈಲ್‌ನಲ್ಲಿ ಯಾಕೆ ಬರುವುದಿಲ್ಲ’ ಅಂತ ತಾವೇ ಕೇಳುತ್ತಾರೆ.

---

ಹಳೇಕೀಲಿ:

ಅಚ್ಚುಮೊಳೆ ಹೇಳಿದ "ನೋಡಿದರೆ ಗೊತ್ತಾಗುವುದಿಲ್ಲ" ಅನ್ನುವ ಮಾತಿಗೆ ನನ್ನದೊಂದು ಸೇರ್ಪಡೆ. ವರ್ಡ್‌ಪರ್ಫೆಕ್ಟ್ ಅನ್ನುವ ಹಳೆಯ ಬರವಣಿಗೆ ತಂತ್ರಾಂಶ ಬಳಸಿದವರಿಗೆ ನೆನಪಿರಬಹುದು, ಆಲ್ಟ್ + ಎಫ್3 ಒತ್ತಿದರೆ ಪರದೆಯ ಕೆಳಭಾಗದಲ್ಲಿ ಎಲ್ಲ ಸಂಕೇತಗಳೂ ಬಿಚ್ಚಿಕೊಳ್ಳುತ್ತಿದ್ದವು. ಬೋಲ್ಡ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಲ್ಲ ಕಾಣುತ್ತಿತ್ತು. ಬೇಡದ್ದನ್ನು ಅಲ್ಲೇ ಅಳಿಸಬಹುದಿತ್ತು. ನೋಡಲು ಚೆಂದ ಇರಲಿಲ್ಲ, ಆದರೆ ಏನೂ ಮುಚ್ಚಿಡುತ್ತಿರಲಿಲ್ಲ.

ಅಂದಹಾಗೆ ಸ್ಟೈಲ್ ಹೊಸದೇನಲ್ಲ. 1983ರ ಡಾಸ್ ವರ್ಡ್‌ನಲ್ಲೇ ಸ್ಟೈಲ್ ಶೀಟ್ ಇತ್ತು, ಅದು ಬೇರೆ ಫೈಲ್ ಆಗಿಯೇ ಇರುತ್ತಿತ್ತು. ಇಷ್ಟು ವರ್ಷವಾದರೂ ಇದು ತಜ್ಞರ ಸೊತ್ತಾಗಿಯೇ ಉಳಿದಿದೆ ಅಂದರೆ ಬಳಸುವವರನ್ನು ದೂರುವುದು ನ್ಯಾಯವಲ್ಲ.

ಈಚೆಗೆ ಒಳ್ಳೆಯ ಕೆಲಸ ಮಾಡಿದ್ದು ಲಿಬ್ರೆಆಫೀಸ್‌ನವರು. 2023ರಲ್ಲಿ ಬಂದ 7.6ನೇ ಆವೃತ್ತಿಯಿಂದ ಸ್ಪಾಟ್‌ಲೈಟ್ ಅನ್ನುವುದೊಂದು ಇದೆ. ಎಫ್11 ಒತ್ತಿ ಸ್ಟೈಲ್ ಪಟ್ಟಿ ತೆರೆದು ಅದನ್ನು ಆನ್ ಮಾಡಿ. ಪ್ರತಿ ಪ್ಯಾರಾದ ಪಕ್ಕದಲ್ಲಿ ಒಂದು ಬಣ್ಣದ ಚೌಕ, ಅದರೊಳಗೆ ಒಂದು ನಂಬರ್. ಅದೇ ಬಣ್ಣ, ಅದೇ ನಂಬರ್ ಪಟ್ಟಿಯಲ್ಲಿ ಆ ಸ್ಟೈಲ್‌ನ ಹೆಸರಿನ ಜೊತೆಯೂ ಇರುತ್ತದೆ. ಕೈಯಿಂದ ಏನಾದರೂ ತಿದ್ದಿದ್ದರೆ ಚೌಕದಲ್ಲಿ ಓರೆಗೆರೆಗಳು ಕಾಣುತ್ತವೆ. ಯಾವ ಪ್ಯಾರಾ ಹದ ತಪ್ಪಿದೆ ಅಂತ ಪುಟ ತಿರುವುತ್ತಲೇ ತಿಳಿಯುತ್ತದೆ. ಮ್ಯಾಕ್‌ನ ವರ್ಡ್‌ನಲ್ಲೂ ಸ್ಟೈಲ್ ಪೇನ್‌ನ ಕೆಳಗೆ ಇಂಥದ್ದೇ ಗೈಡ್ಸ್ ಚೌಕಗಳಿವೆ. ಕರಡುತಿದ್ದುವವರೇ, ಬಂದ ಫೈಲ್‌ಗಳನ್ನು ಮೊದಲು ರೈಟರ್‌ನಲ್ಲಿ ತೆರೆದು ಸ್ಪಾಟ್‌ಲೈಟ್ ಹಾಕಿ ನೋಡಿ. ತಿದ್ದಲು ಅಲ್ಲ, ರೋಗ ಎಲ್ಲಿದೆ ಅಂತ ತಿಳಿಯಲು.

---

ಕಿವಿಯಲ್ಲಿಓದುವವ:

ಎರಡುಪುಟ ಅವರಿಗೆ ಒಂದು ಮಾತು, ಬೇಸರ ಬೇಡ. ನನಗೆ ಕಣ್ಣು ಕಾಣುವುದಿಲ್ಲ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತೇನೆ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್‌ನಲ್ಲಿ ಬ್ರೌಸ್ ಮೋಡ್‌ಗೆ (ಒಂದೊಂದು ಕೀಲಿ ಒತ್ತಿ ಜಿಗಿಯುತ್ತಾ ಓದುವ ಸ್ಥಿತಿಗೆ) ಹೋಗಿ ಎಚ್ ಒತ್ತಿದರೆ ಮುಂದಿನ ಹೆಡಿಂಗ್‌ಗೆ ಜಿಗಿಯುತ್ತದೆ. 1 ಒತ್ತಿದರೆ ಬರೀ ಮೊದಲ ಹಂತದ ಹೆಡಿಂಗ್‌ಗಳು, 2 ಒತ್ತಿದರೆ ಎರಡನೆಯ ಹಂತದವು. ನೀವು ಪುಟದ ಮೇಲೆ ಕಣ್ಣಾಡಿಸಿ ದಪ್ಪ ಅಕ್ಷರ ಹುಡುಕುತ್ತೀರಲ್ಲ, ನಾನು ಅದನ್ನು ಹೀಗೆ ಮಾಡುತ್ತೇನೆ.

ಬೋಲ್ಡ್ ಹಾಕಿದ ಸಾಲು ನಿಮಗೆ ಶೀರ್ಷಿಕೆ. ನನಗೆ ಅದು ಇನ್ನೊಂದು ಸಾಲು, ಅಷ್ಟೇ. ಎಚ್ ಒತ್ತಿದರೆ ‘ಮುಂದೆ ಹೆಡಿಂಗ್ ಇಲ್ಲ’ ಅನ್ನುತ್ತದೆ. ಆಮೇಲೆ ಇಡೀ ವರದಿಯನ್ನು ಮೊದಲಿನಿಂದ ಕೇಳಬೇಕು. ಇನ್ನು ಸಾಲು ಬಿಡಲು ಎಂಟರ್ ಒತ್ತಿರುತ್ತಾರಲ್ಲ, ಬಾಣದ ಕೀಲಿಯಲ್ಲಿ ಇಳಿಯುವಾಗ ಅಲ್ಲೆಲ್ಲ ಖಾಲಿ, ಖಾಲಿ, ಖಾಲಿ ಅಂತ ಕೇಳುತ್ತಲೇ ಇರುತ್ತದೆ. ಫೈಲ್ ಮುಗಿಯಿತೇನೋ ಅಂದುಕೊಂಡು ಮುಚ್ಚಿಬಿಡುವವರೂ ಇದ್ದಾರೆ.

ನೀವು ಬರೆಯುವ ಪತ್ರಕ್ಕೆ ನಿಜಕ್ಕೂ ಬೇಡ, ಎರಡು ಪುಟ ಕೇಳಲು ಎಷ್ಟು ಹೊತ್ತು. ಐವತ್ತು ಪುಟದ್ದಾದರೆ ನಮ್ಮಂಥವರನ್ನು ನೆನೆದುಕೊಳ್ಳಿ. ಆ ನೀಲಿ ಬಣ್ಣ ನನಗೇನೂ ತೊಂದರೆ ಕೊಟ್ಟಿಲ್ಲ ನೋಡಿ :)

---

ಕರಡುತಿದ್ದುವವಳು:

ಎಲ್ಲರಿಗೂ ಧನ್ಯವಾದ. ‘ಮೊದಲು ಕಣ್ಣಿಗೆ ಸರಿ ಮಾಡಿ, ಆಮೇಲೆ ಅಪ್‌ಡೇಟ್ ಒತ್ತಿ’ ಅನ್ನುವುದನ್ನು ಒಬ್ಬರಿಗೆ ಹೇಳಿಕೊಟ್ಟೆ. ಸ್ಟೈಲ್ ಅನ್ನುವ ಪದವನ್ನೇ ಬಳಸಲಿಲ್ಲ. "ಇದನ್ನು ನೆನಪಿಟ್ಟುಕೋ ಅಂತ ಕಂಪ್ಯೂಟರಿಗೆ ಹೇಳಿ" ಅಂದೆ, ಅಷ್ಟೇ. ತಕ್ಷಣ ಹಿಡಿದುಕೊಂಡರು. ಎರಡನೇ ಶೀರ್ಷಿಕೆಗೆ ಬಂದಾಗ "ಇದೂ ಹಾಗೇ ಕಾಣಲಿ" ಅಂತ ತಾವೇ ಮೇಲಿನ ಚೌಕ ಒತ್ತಿದರು.

ಆದರೆ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು, ಟೆಂಪ್ಲೇಟ್‌ನಲ್ಲಿ ಉಪಶೀರ್ಷಿಕೆಯ ಸೈಜ್ 14 ಅಂತ ಮಾಡಿಫೈ ಡೈಲಾಗ್‌ನಲ್ಲೇ ಹಾಕಿದ್ದೇನೆ. ಇಂಗ್ಲಿಷ್ ಅಕ್ಷರ 14 ಆಗುತ್ತದೆ, ಕನ್ನಡ ಹಳೆಯ ಸೈಜ್‌ನಲ್ಲೇ ಉಳಿಯುತ್ತದೆ. ಒಂದೇ ಸಾಲಿನಲ್ಲಿ ಎರಡೂ ಇದ್ದರೆ ನೋಡಲು ಅಸಹ್ಯ. ಎರಡನೆಯದು, ಈಗಾಗಲೇ ಬಂದು ಕೂತಿರುವ ಹಳೆಯ ಫೈಲ್‌ಗಳು. ಒಂದೊಂದೇ ಶೀರ್ಷಿಕೆ ಹುಡುಕಿ ಸ್ಟೈಲ್ ಹಾಕುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಮೂರನೆಯದು, ಹಳೆಯ ವರದಿಯ ಮೇಲೆಯೇ ಟೈಪ್ ಮಾಡುವವರನ್ನು ಏನು ಮಾಡಲಿ? ಬಿ ಬಟನ್ ಕೆಲಸವೇ ಮಾಡದ ಹಾಗೆ ಫೈಲ್‌ಗೆ ಬೀಗ ಹಾಕಬಹುದು ಅಂತ ಎಲ್ಲೋ ಓದಿದೆ, ಅದನ್ನೇ ಮಾಡಿಬಿಡಲಾ?

---

ಅಚ್ಚುಮೊಳೆ:

ಕನ್ನಡದ ಸೈಜ್ ವಿಷಯ ನಮ್ಮ ಲಿಪಿಗಳಲ್ಲಿ ಬರೆಯುವವರಿಗೆಲ್ಲ ಬರುವ ತಲೆನೋವು. ವರ್ಡ್‌ನ ಲೆಕ್ಕದಲ್ಲಿ ಕನ್ನಡ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’. ಒಂದೇ ಸ್ಟೈಲ್‌ನ ಒಳಗೆ ಇಂಗ್ಲಿಷ್‌ಗೊಂದು ಫಾಂಟ್, ಸೈಜ್, ಬೋಲ್ಡ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್, ಸೈಜ್, ಬೋಲ್ಡ್ ಇರುತ್ತವೆ. ನೀವು ಮೊದಲನೆಯದನ್ನು ಮಾತ್ರ ಬದಲಿಸಿದ್ದೀರಿ. ಮಾಡಿಫೈ ಡೈಲಾಗ್‌ನಲ್ಲಿ ಕೆಳಗಿನ ಫಾರ್ಮ್ಯಾಟ್ ಒತ್ತಿ ಫಾಂಟ್‌ಗೆ ಹೋಗಿ. ಅಲ್ಲಿ ಲ್ಯಾಟಿನ್ ಟೆಕ್ಸ್ಟ್ ಅಂತ ಒಂದು ಭಾಗ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅಂತ ಇನ್ನೊಂದು ಭಾಗ ಇರುತ್ತದೆ. ಎರಡನೆಯದರಲ್ಲಿ ಕನ್ನಡ ಫಾಂಟ್ ಆರಿಸಿ ಸೈಜ್ ಹಾಕಿ. ಆ ಭಾಗವೇ ಕಾಣದಿದ್ದರೆ ಆಫೀಸ್‌ನ ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಸೇರಿಸಿ. ರೈಟರ್‌ನಲ್ಲಿ ಇದರ ಹೆಸರು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್), ಅಲ್ಲೂ ಭಾಷೆಯ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದ ಮೇಲೆ ಸ್ಟೈಲ್‌ನ ಫಾಂಟ್ ಪುಟದಲ್ಲಿ ಅದರ ಭಾಗ ಕಾಣುತ್ತದೆ.

ಎರಡಕ್ಕೂ ಒಂದೇ ಸೈಜ್ ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ಕನ್ನಡಕ್ಕೆ ಒತ್ತಕ್ಷರ ಇದೆ, ಒಂದೇ 14ರಲ್ಲಿ ಫಾಂಟ್‌ನಿಂದ ಫಾಂಟ್‌ಗೆ ಅಕ್ಷರದ ಗಾತ್ರ ಬೇರೆ ಕಾಣುತ್ತದೆ. ನಾನು ಒಂದೇ ಸಾಲಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಟೈಪ್ ಮಾಡಿ, ಕಣ್ಣಿಗೆ ಸಮ ಅನ್ನಿಸುವವರೆಗೆ ಕನ್ನಡದ ಸೈಜನ್ನು ಅರ್ಧರ್ಧ ಪಾಯಿಂಟ್ ಆಡಿಸುತ್ತೇನೆ. ಸಾಲುಗಳ ನಡುವಿನ ಅಂತರವನ್ನೂ ಒತ್ತಕ್ಷರ ಇರುವ ಸಾಲಿನಲ್ಲೇ ಪರೀಕ್ಷಿಸಿ. ‘ಎಕ್ಸಾಕ್ಟ್ಲಿ’ ಅಂತ ಅಂತರ ಕೊಟ್ಟರೆ ‘ಸ್ತ್ರೀ’ ಥರದ ಅಕ್ಷರಗಳ ಮೇಲೋ ಕೆಳಗೋ ಕತ್ತರಿಸಿದಂತೆ ಕಾಣಬಹುದು.

ಹಳೆಯ ಫೈಲ್‌ಗಳಿಗೆ ಸುಲಭದ ದಾರಿ ಇದೆ. ಒಂದು ನಕಲಿ ಶೀರ್ಷಿಕೆಯನ್ನು ಆಯ್ದುಕೊಳ್ಳಿ. ಹೋಮ್ ಟ್ಯಾಬ್‌ನ ಬಲತುದಿಯಲ್ಲಿ ಸೆಲೆಕ್ಟ್ ಇದೆ. ಅದರೊಳಗೆ ಇದೇ ಥರದ ಫಾರ್ಮ್ಯಾಟಿಂಗ್ ಇರುವ ಪಠ್ಯವನ್ನೆಲ್ಲ ಆರಿಸು ಅನ್ನುವ ಸಾಲು ಸಿಗುತ್ತದೆ. 16 ಪಾಯಿಂಟ್ ಬೋಲ್ಡ್ ಗೆರೆಯವೆಲ್ಲ ಒಟ್ಟಿಗೆ ಸಿಕ್ಕಿಬೀಳುತ್ತವೆ. ಹೆಡಿಂಗ್ 1 ಒತ್ತಿ, ಹಾಗೇ ಕಂಟ್ರೋಲ್ + ಸ್ಪೇಸ್, ಕಂಟ್ರೋಲ್ + ಕ್ಯೂ. ಆಮೇಲೆ 15 ಪಾಯಿಂಟ್‌ನವು. ಸ್ಪೇಸ್ ಒತ್ತಿ ತಳ್ಳಿದ್ದನ್ನು ಫೈಂಡ್ ರಿಪ್ಲೇಸ್‌ನಲ್ಲಿ ತೆಗೆಯಿರಿ. ಖಾಲಿ ಪ್ಯಾರಾಗಳಿಗೆ ಅಲ್ಲಿಯೇ ^p^p ಹುಡುಕಿ ^p ಹಾಕುವುದು ಹಳೆಯ ಉಪಾಯ (^p ಅಂದರೆ ಎಂಟರ್ ಒತ್ತಿದ ಗುರುತು), ಇನ್ನು ಸಿಗುವುದಿಲ್ಲ ಅನ್ನುವವರೆಗೆ ಒತ್ತುತ್ತಿರಿ.

ಹಳೆಯ ವರದಿಯ ಮೇಲೆ ಟೈಪ್ ಮಾಡುವವರು ಸೋಮಾರಿಗಳಲ್ಲ. ತುಂಬಿದ ಮಾದರಿ ಕಣ್ಣ ಮುಂದೆ ಇದ್ದರೆ ಬರೆಯುವುದು ಸಲೀಸು. ನಿಮ್ಮ ಟೆಂಪ್ಲೇಟ್ ಖಾಲಿ ಪುಟ ಅಲ್ಲವಾ? ಅದರಲ್ಲಿ ಒಂದು ಪುಟ್ಟ ವರದಿಯನ್ನೇ ತುಂಬಿಸಿಡಿ. ‘ಇಲ್ಲಿ ಅಧ್ಯಾಯದ ಹೆಸರು’, ‘ಇಲ್ಲಿ ಚಿತ್ರದ ಅಡಿಬರಹ’ ಅಂತ ಎಲ್ಲಕ್ಕೂ ಸ್ಟೈಲ್ ಹಾಕಿದ ಸಾಲುಗಳು. ಅವರು ಅದರ ಮೇಲೆ ಟೈಪ್ ಮಾಡಿದರೂ ಸ್ಟೈಲ್ ಹಾಗೇ ಉಳಿಯುತ್ತದೆ. ವರ್ಡ್ ಟೆಂಪ್ಲೇಟ್ (.dotx) ಆಗಿ ಸೇವ್ ಮಾಡಿ ಕೊಡಿ, ಡಬಲ್ ಕ್ಲಿಕ್ ಮಾಡಿದಾಗಲೆಲ್ಲ ಹೊಸ ಫೈಲ್ ತೆರೆಯುತ್ತದೆ, ಮೂಲ ಕೆಡುವುದಿಲ್ಲ.

ಬೀಗದ ವಿಷಯ. ರಿವ್ಯೂ ಟ್ಯಾಬ್‌ನ ರಿಸ್ಟ್ರಿಕ್ಟ್ ಎಡಿಟಿಂಗ್‌ನಲ್ಲಿ ಆ ಸೌಲಭ್ಯ ಇದೆ ನಿಜ. ಆಯ್ದ ಸ್ಟೈಲ್‌ಗಳು ಮಾತ್ರ ಸಿಗುತ್ತವೆ, ಬಿ ಬಟನ್ ಮಂಕಾಗುತ್ತದೆ. ಮಾಡಬೇಡಿ. ಒಂದು ಪದವನ್ನು ಒತ್ತಿ ಹೇಳಲು ಬಿಡದ ಫೈಲನ್ನು ಜನ ಎರಡನೇ ಸಲ ತೆರೆಯುವುದಿಲ್ಲ. ಪಠ್ಯವನ್ನೆಲ್ಲ ಕಾಪಿ ಮಾಡಿ ಹೊಸ ಫೈಲ್‌ಗೆ ಹಾಕಿಕೊಂಡು ಹೋಗುತ್ತಾರೆ, ನೀವು ಮೊದಲಿದ್ದ ಜಾಗಕ್ಕೇ ಬರುತ್ತೀರಿ. ಕೊನೆಯ ಹಂತದಲ್ಲಿ, ನಿಮ್ಮ ಕೈಗೆ ಬಂದ ಮೇಲೆ ಬೇಕಾದರೆ ಹಾಕಿಕೊಳ್ಳಿ.

ಮರೆತಿದ್ದೆ, ಸ್ಟೈಲ್ ಮಾಡಿಫೈ ಮಾಡುವ ಡೈಲಾಗ್‌ನಲ್ಲಿ ‘ಆಟೊಮ್ಯಾಟಿಕಲಿ ಅಪ್‌ಡೇಟ್’ ಅಂತ ಒಂದು ಚೌಕ ಇದೆ. ಹೆಸರು ಕೇಳಲು ಇಂಪು. ಟೆಂಪ್ಲೇಟ್‌ನ ಯಾವ ಸ್ಟೈಲ್‌ನಲ್ಲೂ ಅದಕ್ಕೆ ಟಿಕ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇದ್ದರೆ ಯಾರೋ ಒಂದು ಪ್ಯಾರಾವನ್ನು ಮಧ್ಯಕ್ಕೆ ತಂದ ಕೂಡಲೇ ಆ ಸ್ಟೈಲ್‌ನ ಪ್ಯಾರಾಗಳೆಲ್ಲ ಮಧ್ಯಕ್ಕೆ ಬಂದು ಕೂರುತ್ತವೆ.

---

ಎರಡುಪುಟ:

ಇಷ್ಟೆಲ್ಲ ಓದಿ ನಾನೂ ಅಪ್‌ಡೇಟ್ ಒತ್ತಿ ನೋಡಿದೆ, ಪರವಾಗಿಲ್ಲ. ನಾನು ಜಾಸ್ತಿ ಬಳಸುವುದು ಗೂಗಲ್ ಡಾಕ್ಸ್. ಅಲ್ಲಿ ಹೆಡಿಂಗ್ ಆರು ಇವೆ, ಆದರೆ ಹೊಸ ಸ್ಟೈಲ್ ಸೇರಿಸಲು ಆಗುತ್ತಿಲ್ಲ. ಚಿತ್ರದ ಅಡಿಬರಹಕ್ಕೆ ಹೆಡಿಂಗ್ 6 ಅನ್ನೇ ಚಿಕ್ಕ ಅಕ್ಷರ ಮಾಡಿ ಬಳಸಬಹುದಲ್ವಾ?

---

ಕಿವಿಯಲ್ಲಿಓದುವವ:

ದಯವಿಟ್ಟು ಬೇಡ. ಎಚ್ ಒತ್ತಿದಾಗಲೆಲ್ಲ ನನಗೆ ಅಧ್ಯಾಯದ ಬದಲು ‘ಚಿತ್ರ 3’, ‘ಚಿತ್ರ 4’ ಸಿಗುತ್ತವೆ. ಎಡಗಡೆಯ ಔಟ್‌ಲೈನ್‌ನಲ್ಲೂ ಅವೇ ತುಂಬಿಕೊಳ್ಳುತ್ತವೆ. ಅಡಿಬರಹ ನಾರ್ಮಲ್ ಟೆಕ್ಸ್ಟ್ ಆಗಿಯೇ ಇರಲಿ. ಒಂದನ್ನು ಸರಿ ಮಾಡಿ, ಟೂಲ್‌ಬಾರ್‌ನ ಬ್ರಷ್ ಗುರುತಿನಿಂದ ಉಳಿದವಕ್ಕೆ ಬಳಿಯಿರಿ. ಹೆಡಿಂಗ್‌ಗಳನ್ನು ನಿಮಗೆ ಬೇಕಾದಂತೆ ಮಾಡಿಕೊಂಡ ಮೇಲೆ, ಅದೇ ಸ್ಟೈಲ್ ಮೆನುವಿನ ಆಪ್ಷನ್ಸ್‌ನಲ್ಲಿ ‘ಸೇವ್ ಆಸ್ ಮೈ ಡಿಫಾಲ್ಟ್ ಸ್ಟೈಲ್ಸ್’ ಒತ್ತಿ. ಮುಂದಿನ ಹೊಸ ಫೈಲ್‌ಗಳೆಲ್ಲ ಅದೇ ರೂಪದಲ್ಲಿ ತೆರೆಯುತ್ತವೆ.